ಹನಿ ಹನಿ ಕೂಡಿಸುವ ಪಾಸುಗಳಿರುವಾಗ ದೂರದ ಎಸೆತವೇಕೆ?

ಪ್ರಶ್ನೆ: ಅಮೆರಿಕಕ್ಕೆ ಬಂದು ಒಂಬತ್ತು ವರ್ಷವಾಯಿತು. ಮಗ ಹೈಸ್ಕೂಲು ತಂಡದಲ್ಲಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಆಗಿ ಆಡತೊಡಗಿದ ಮೇಲೆ ಇಲ್ಲಿಯ ಫುಟ್‌ಬಾಲನ್ನು ಗಮನವಿಟ್ಟು ನೋಡುತ್ತಿದ್ದೇನೆ. ನಾಲ್ಕು ಡೌನ್‌ಗಳಲ್ಲಿ, ಅಂದರೆ ನಾಲ್ಕು ಯತ್ನಗಳಲ್ಲಿ, ಹತ್ತು ಗಜ ಗಳಿಸಿದರೆ ಮತ್ತೆ ನಾಲ್ಕು ಡೌನ್ ಸಿಗುತ್ತವೆ ಎಂದ ಮೇಲೆ, ಒಂದೊಂದು ಪಾಸಿಗೆ ನಾಲ್ಕೈದು ಗಜದಂತೆ ಹೋದರೂ ಸಾಕಲ್ಲವೇ? ಹನಿ ಹನಿ ಕೂಡಿದರೆ ಹಳ್ಳ ಎಂದು ನಂಬಿ ಬೆಳೆದವನು ನಾನು. ನಲವತ್ತು ಗಜ ದೂರಕ್ಕೆ ಎಸೆದು, ಚೆಂಡು ಎದುರಾಳಿಯ ಕೈ ಸೇರುವ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವುದೇಕೆ? ಕ್ವಾರ್ಟರ್‌ಬ್ಯಾಕ್ ಸಣ್ಣ ಪಾಸು ಕೊಟ್ಟಾಗ ಪಕ್ಕದಲ್ಲಿ ಕುಳಿತವರು ಗೊಣಗುವುದೂ ನನಗೆ ಅರ್ಥವಾಗುವುದಿಲ್ಲ.

ಉತ್ತರ: ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಒಂದು ಬಾಬತ್ತು ಬಿಟ್ಟುಹೋಗಿದೆ. ಸಣ್ಣ ಪಾಸನ್ನು ಒಂದೊಂದಾಗಿ ನೋಡಿದರೆ ಕ್ಷೇಮವೇ ಸರಿ. ಗೋಲಿನವರೆಗೆ ಹೋಗಲು ಅಂಥ ಪಾಸುಗಳು ಎಷ್ಟು ಬೇಕು, ಅವೆಲ್ಲವೂ ಒಂದರ ಹಿಂದೊಂದು ಕೈಗೂಡುವ ಸಂಭವ ಎಷ್ಟು ಎಂದು ಕೇಳಿಕೊಂಡಾಗಲೇ ತೊಡಕು ಕಾಣಿಸುವುದು. ಒಂದು ಕಾಲ್ಪನಿಕ ತಂಡವನ್ನು ತೆಗೆದುಕೊಳ್ಳೋಣ. ತನ್ನ 25 ಗಜದ ಗೆರೆಯಲ್ಲಿ ಚೆಂಡು ಪಡೆದ ಆ ತಂಡ 75 ಗಜ ಸಾಗಬೇಕು. ಒಂದು ಫಸ್ಟ್ ಡೌನ್‌ನಿಂದ ಮುಂದಿನದರವರೆಗಿನದನ್ನು ಒಂದು ಸುತ್ತು ಎಂದು ಕರೆದರೆ, ಪ್ರತಿ ಸುತ್ತಿಗೆ ಅದು ಸರಾಸರಿ 12 ಗಜ ಗಳಿಸುತ್ತದೆ, ಯಾವುದೇ ಸುತ್ತನ್ನು ದಾಟುವ ಸಂಭವ ನೂರಕ್ಕೆ 70 ಎಂದು ಇಟ್ಟುಕೊಳ್ಳಿ. ಹೆಚ್ಚುಕಡಿಮೆ ಆರು ಸುತ್ತು ಬೇಕು, ಅಂದರೆ ಆರು ಸುಂಕದ ಕಟ್ಟೆ. 70ನ್ನು ಆರು ಬಾರಿ ಗುಣಿಸಿದರೆ ಆರನ್ನೂ ದಾಟುವ ಸಂಭವ ನೂರಕ್ಕೆ 12ಕ್ಕೆ ಇಳಿಯುತ್ತದೆ. ನಡುವೆ ಎಲ್ಲೋ ಒಂದು ಎಸೆತ 36 ಗಜ ದಾಟಿಸಿತು ಎನ್ನಿ. ಮೂರು ಸುತ್ತಿನ ಕೆಲಸ ಒಂದರಲ್ಲೇ ಮುಗಿದು, ಕಟ್ಟೆಗಳು ನಾಲ್ಕಾಗುತ್ತವೆ, ಸಂಭವ 24ಕ್ಕೆ ಏರುತ್ತದೆ. ಒಂದೇ ಒಂದು ದೂರದ ಹಿಡಿತಕ್ಕೆ ಫಲ ಎರಡರಷ್ಟಾಯಿತು. ಈ ಅಂಕಿಗಳು ಲೆಕ್ಕ ತೋರಿಸಲು ನಾನು ಇಟ್ಟುಕೊಂಡವು, ಆದರೆ ಆಟದ ಸ್ವಭಾವ ಇದೇ: ದಾರಿ ಉದ್ದವಾದಷ್ಟೂ ಒಂದು ಕೈತಪ್ಪಿದ ಹಿಡಿತ, ಎದುರಾಳಿಯನ್ನು ಹಿಡಿದು ನಿಲ್ಲಿಸಿದ್ದಕ್ಕೆ ಬೀಳುವ ಒಂದು ಹೋಲ್ಡಿಂಗ್ ದಂಡ, ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕನ್ನು ಕೆಡವುವ ಒಂದು ಸ್ಯಾಕ್ ಎಲ್ಲವನ್ನೂ ಕೆಡಿಸಲು ಕಾದಿರುತ್ತದೆ.

ಡಿಫೆನ್ಸ್ ತರಬೇತುದಾರರಿಗೆ ಇದು ಚೆನ್ನಾಗಿ ಗೊತ್ತು. ಕ್ಯಾನ್ಸಸ್ ಸಿಟಿ ಚೀಫ್ಸ್ ತಂಡದ ಪ್ಯಾಟ್ರಿಕ್ ಮಹೋಮ್ಸ್ 2018ರಲ್ಲಿ, ಪೂರ್ಣಾವಧಿಯ ಕ್ವಾರ್ಟರ್‌ಬ್ಯಾಕ್ ಆದ ಮೊದಲ ವರ್ಷವೇ, 50 ಟಚ್‌ಡೌನ್ ಎಸೆದು 5,097 ಗಜ ಗಳಿಸಿದ ಮೇಲೆ, ಎದುರಾಳಿಗಳು ಕ್ರಮೇಣ ಹಿಂದಿನ ಕಾವಲುಗಾರರಾದ ಇಬ್ಬರು ಸೇಫ್ಟಿಗಳನ್ನು ಬಹಳ ಹಿಂದಕ್ಕೆ ನಿಲ್ಲಿಸಿ ಆಡತೊಡಗಿದರು. 2021ರ ಸೀಸನ್ ಹೊತ್ತಿಗೆ ಚೀಫ್ಸ್ ಎಲ್ಲಿ ಹೋದರೂ ಇದೇ ವ್ಯೂಹ. ಅದರ ಅರ್ಥ ಇಷ್ಟೇ: ಆರಾರು ಗಜದ ಪಾಸು ನಿನಗೆ ಬಿಟ್ಟಿದ್ದೇವೆ, ಹತ್ತು ಹನ್ನೆರಡು ಬಾರಿ ತಪ್ಪಿಲ್ಲದೆ ಆಡಿ ತೋರಿಸು. ನೀವು ಕ್ಷೇಮ ಎನ್ನುವ ದಾರಿಯನ್ನು ಎದುರಾಳಿಯೇ ಬಾಗಿಲು ತೆರೆದು ತೋರಿಸುತ್ತಿದ್ದಾನೆ ಎಂದರೆ, ಅದರಲ್ಲಿ ಅವನಿಗೂ ಏನೋ ಲಾಭ ಕಂಡಿರಬೇಕು.

ಹಾಗೆಂದು ಸಣ್ಣ ಪಾಸು ಅಳುಕಿನವರ ಆಟವೆಂದು ನಾನು ಹೇಳುತ್ತಿಲ್ಲ. ಅದನ್ನು ಒಂದು ಶಾಸ್ತ್ರದಂತೆ ಬೆಳೆಸಿದ ಕಥೆ ಇಲ್ಲಿ ಹೇಳಲೇಬೇಕಾದದ್ದು. 1969ರಲ್ಲಿ ಸಿನ್ಸಿನಾಟಿ ಬೆಂಗಾಲ್ಸ್ ತಂಡಕ್ಕೆ ಗ್ರೆಗ್ ಕುಕ್ ಎಂಬ ಹೊಸ ಕ್ವಾರ್ಟರ್‌ಬ್ಯಾಕ್ ಬಂದ. ದೂರದ ಎಸೆತದಲ್ಲಿ ಅವನಿಗೆ ಸರಿಸಾಟಿಯಾದವರು ಆಗ ವಿರಳ. ಅದೇ ವರ್ಷ ಭುಜಕ್ಕೆ ಪೆಟ್ಟುಬಿದ್ದು ಅವನ ಆಟ ಹೆಚ್ಚುಕಡಿಮೆ ಮುಗಿಯಿತು. ಅವನ ಜಾಗಕ್ಕೆ ಬಂದ ವರ್ಜಿಲ್ ಕಾರ್ಟರ್‌ಗೆ ತೋಳಿನಲ್ಲಿ ಅಷ್ಟು ಕಸುವಿರಲಿಲ್ಲ, ತಲೆ ಮಾತ್ರ ಚುರುಕು. ಆಗ ಆ ತಂಡದಲ್ಲಿ ಸಹಾಯಕ ತರಬೇತುದಾರರಾಗಿದ್ದ ಬಿಲ್ ವಾಲ್ಶ್ ಇದ್ದುದರಲ್ಲೇ ದಾರಿ ಹುಡುಕಿದರು. ಮೈದಾನ ಉದ್ದಕ್ಕೆ ಸಿಗದಿದ್ದರೆ ಅಗಲಕ್ಕೆ ಸಿಗುತ್ತದೆ. 53 ಗಜ ಅಗಲದಲ್ಲಿ ಆಟಗಾರರನ್ನು ಹರಡಿ, ಎರಡನೆಯದೋ ಮೂರನೆಯದೋ ಹೆಜ್ಜೆಯ ಲೆಕ್ಕಕ್ಕೆ ಚೆಂಡನ್ನು ಕೊಟ್ಟರೆ, ಓಟಕ್ಕೆ ಬದಲಾಗಿ ಪಾಸನ್ನೇ ನೆಚ್ಚಿಕೊಳ್ಳಬಹುದು. 1970ರಲ್ಲಿ ಮೊದಲ ಏಳು ಪಂದ್ಯಗಳಲ್ಲಿ ಒಂದೇ ಗೆದ್ದಿದ್ದ ತಂಡ ಉಳಿದ ಏಳನ್ನೂ ಗೆದ್ದಿತು. 1971ರಲ್ಲಿ ಎಸೆದ ಪಾಸುಗಳಲ್ಲಿ ಅತಿ ಹೆಚ್ಚು ಪಾಲು ತಲುಪಿಸಿದವರ ಪಟ್ಟಿಯಲ್ಲಿ ಕಾರ್ಟರ್ ಲೀಗಿಗೇ ಮೊದಲಿಗ.

ಆ ಕಾರ್ಟರ್‌ನ ಇನ್ನೊಂದು ಕೆಲಸ ನಿಮ್ಮಂಥ ಲೆಕ್ಕಪ್ರಿಯರಿಗೆ ಹಿಡಿಸೀತು. ಆಡುತ್ತಲೇ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಆತ, ರಾಬರ್ಟ್ ಮ್ಯಾಕೋಲ್ ಎಂಬ ಪ್ರಾಧ್ಯಾಪಕರ ಜೊತೆ ಸೇರಿ 1969ರ ಸೀಸನ್ನಿನ ಎಂಟು ಸಾವಿರಕ್ಕೂ ಹೆಚ್ಚು ಪ್ಲೇಗಳನ್ನು (ಒಂದೊಂದು ಯತ್ನದ ಆಟವನ್ನು) ಜಾಲಾಡಿ, ಮೈದಾನದ ಯಾವ ಗೆರೆಯಲ್ಲಿ ಫಸ್ಟ್ ಡೌನ್ ಇದ್ದರೆ ಅದು ಎಷ್ಟು ಅಂಕಕ್ಕೆ ಸಮ ಎಂದು 1971ರಲ್ಲಿ ಪ್ರಕಟಿಸಿದರು. ತನ್ನದೇ ಗೋಲಿನ ಬಾಯಲ್ಲಿ ಚೆಂಡಿದ್ದರೆ ಬೆಲೆ ಸೊನ್ನೆಗಿಂತ ಕೆಳಗೆ, ತನ್ನ 25ರ ಬಳಿ ಕಾಲು ಅಂಕದಷ್ಟು, ಎದುರಾಳಿಯ 5 ಗಜದ ಬಳಿ ಸುಮಾರು 6 ಅಂಕ. ಇಂದು ಟಿವಿಯಲ್ಲಿ ವಿಶ್ಲೇಷಕರು ಹೇಳುವ ನಿರೀಕ್ಷಿತ ಅಂಕಗಳ ಲೆಕ್ಕಕ್ಕೆ ಇದು ಮೂಲ. ಅದನ್ನು ಹಾಕಿಕೊಟ್ಟವರಲ್ಲಿ ಒಬ್ಬ ಸಣ್ಣ ಪಾಸಿನ ಮೊದಲ ವಿದ್ಯಾರ್ಥಿಯೇ ಆಗಿದ್ದ ಎಂಬುದು ನನಗೆ ಯಾವಾಗಲೂ ಖುಷಿ ಕೊಡುವ ಸಂಗತಿ. ಆ ಪಟ್ಟಿಯನ್ನು ಕಣ್ಣೆದುರಿಟ್ಟುಕೊಂಡರೆ ಥರ್ಡ್ ಡೌನ್‌ಗೆ ಎಂಟು ಗಜ ಬೇಕಿರುವಾಗ ನಾಲ್ಕು ಗಜದ ಪಾಸು ಏಕೆ ಗೊಣಗಾಟಕ್ಕೆ ಕಾರಣವಾಗುತ್ತದೆ ಎಂಬುದು ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕು ಗಜ ಮುಂದೆ ಹೋದದ್ದು ನಿಜ, ಆದರೆ ಮುಂದಿನ ಡೌನ್‌ನಲ್ಲಿ ಪಂಟ್ ಮಾಡಿ, ಅಂದರೆ ದೂರಕ್ಕೆ ಒದ್ದು, ಚೆಂಡನ್ನೇ ಬಿಟ್ಟುಕೊಡಬೇಕು. ಪಾಸು ಕೈಸೇರಿತು ಎಂದು ಅಂಕಿ ಅಂಶದಲ್ಲಿ ದಾಖಲಾಗುತ್ತದೆ, ತಂಡಕ್ಕೆ ದಕ್ಕಿದ್ದು ಏನೂ ಇಲ್ಲ.

ವಾಲ್ಶ್ ಮುಂದೆ ಸ್ಯಾನ್ ಫ್ರಾನ್ಸಿಸ್ಕೋ ತಂಡದ ಮುಖ್ಯ ತರಬೇತುದಾರರಾಗಿ ಕ್ವಾರ್ಟರ್‌ಬ್ಯಾಕ್ ಜೋ ಮೊಂಟಾನಾ ಜೊತೆ ಮೂರು ಸೂಪರ್ ಬೌಲ್ (ಸೀಸನ್ನಿನ ಅಂತಿಮ ಪಂದ್ಯ) ಗೆದ್ದರು. ಅವುಗಳಲ್ಲಿ ಕೊನೆಯದು 1989ರ ಜನವರಿಯದು. ಮೂರು ನಿಮಿಷ ಚಿಲ್ಲರೆ ಉಳಿದಿದೆ, ಮೂರು ಅಂಕ ಹಿಂದಿದ್ದಾರೆ, ಚೆಂಡು ತಮ್ಮ 8 ಗಜದ ಗೆರೆಯಲ್ಲಿ. ಹನ್ನೊಂದು ಪ್ಲೇಗಳಲ್ಲಿ 92 ಗಜ ಸಾಗಿ ಗೆದ್ದರು, ಬಹುಪಾಲು ಸಣ್ಣ ಪಾಸುಗಳಲ್ಲೇ. ನಡುವೆ ದಂಡ ಬಿದ್ದು ಸೆಕೆಂಡ್ ಡೌನ್‌ಗೆ 20 ಗಜ ಬೇಕಾದಾಗ ಮಾತ್ರ ಪಾಸು ಹಿಡಿಯುವ ರಿಸೀವರ್ ಜೆರ್ರಿ ರೈಸ್‌ಗೆ ಕೊಟ್ಟ ಒಂದು ಪಾಸು 27 ಗಜ ತಂದಿತು. ಅದಿಲ್ಲದಿದ್ದರೆ ಉಳಿದ ಹತ್ತಕ್ಕೂ ಬೆಲೆಯಿರುತ್ತಿರಲಿಲ್ಲ.

ಇನ್ನು ದೂರದ ಎಸೆತದ ನಿಜವಾದ ಬೆಲೆಗೆ ಬರೋಣ. ಅದು ಹಿಡಿತಕ್ಕೆ ಸಿಕ್ಕಿತೋ ಇಲ್ಲವೋ ಎಂಬುದರಲ್ಲಷ್ಟೇ ಬೆಲೆ ಇದೆ ಎಂದುಕೊಂಡರೆ ಅರ್ಧ ಆಟ ಕಣ್ಣುತಪ್ಪುತ್ತದೆ. 1969ರ ಜನವರಿಯ ಮೂರನೇ ಸೂಪರ್ ಬೌಲ್‌ನಲ್ಲಿ ಬಾಲ್ಟಿಮೋರ್ ಕೋಲ್ಟ್ಸ್ 18 ಅಂಕಗಳಿಂದ ಗೆಲ್ಲುವುದೆಂದು ಬಾಜಿ ಕಟ್ಟುವವರ ಅಂದಾಜಿತ್ತು. ನ್ಯೂಯಾರ್ಕ್ ಜೆಟ್ಸ್‌ನ ಜೋ ನೇಮತ್ ಮೊದಲ ಕ್ವಾರ್ಟರ್‌ನಲ್ಲಿ ಡಾನ್ ಮೇನಾರ್ಡ್‌ನತ್ತ ಬಹುದೂರ ಒಂದು ಚೆಂಡು ಎಸೆದ. ಮೇನಾರ್ಡ್ ಡಿಫೆನ್ಸ್‌ನವರನ್ನು ಹಿಂದೆ ಹಾಕಿದ್ದ, ಚೆಂಡು ಮಾತ್ರ ಸ್ವಲ್ಪದರಲ್ಲಿ ಕೈಮೀರಿ ಹೋಯಿತು. ಅಂಕಿ ಅಂಶದಲ್ಲಿ ಅದು ವ್ಯರ್ಥವಾದ ಎಸೆತ. ಆದರೆ ಅದನ್ನು ಕಂಡ ಕೋಲ್ಟ್ಸ್ ತಮ್ಮ ಜೋನ್ ರಕ್ಷಣೆಯನ್ನು ಮೇನಾರ್ಡ್‌ನ ಕಡೆಗೇ ವಾಲಿಸಿದರು. ಅವನ ತೊಡೆಯ ಸ್ನಾಯು ಜಗ್ಗಿ ಅವನು ಪೂರ್ತಿ ಓಡುವ ಸ್ಥಿತಿಯಲ್ಲಿಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ. ಇನ್ನೊಂದು ಬದಿಯಲ್ಲಿ ಜಾರ್ಜ್ ಸಾಯರ್‌ಗೆ ಒಬ್ಬನೇ ಕಾವಲುಗಾರ ಉಳಿದ. ಸಾಯರ್ 8 ಪಾಸು ಹಿಡಿದು 133 ಗಜ ತಂದ, ಮೇನಾರ್ಡ್ ಇಡೀ ಪಂದ್ಯದಲ್ಲಿ ಒಂದನ್ನೂ ಹಿಡಿಯಲಿಲ್ಲ, ಜೆಟ್ಸ್ 16-7ರಿಂದ ಗೆದ್ದರು. ಒಂದೂ ಟಚ್‌ಡೌನ್ ಎಸೆಯದ ನೇಮತ್‌ಗೇ ಪಂದ್ಯದ ಶ್ರೇಷ್ಠ ಆಟಗಾರ ಪ್ರಶಸ್ತಿ ಬಂತು.

ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ಹೊಸದೇನಲ್ಲ. ಬ್ಯಾಟ್ಸ್‌ಮನ್ ಸ್ಪಿನ್ನರ್‌ನ ಎಸೆತವನ್ನು ಒಮ್ಮೆ ತಲೆಯ ಮೇಲಿಂದ ಎತ್ತಿ ಹೊಡೆದರೆ ಸಾಕು, ನಾಯಕ ಮಿಡ್-ಆನ್ ಫೀಲ್ಡರ್‌ನನ್ನು ಬೌಂಡರಿಗೆ ಓಡಿಸುತ್ತಾನೆ, ಆಮೇಲಿನ ಹತ್ತು ಓವರ್ ಆ ಖಾಲಿ ಜಾಗದಲ್ಲಿ ಒಂಟಿ ರನ್ನುಗಳು ಕೇಳದೆ ಸಿಗುತ್ತವೆ. ನಿಮ್ಮ ಹನಿಗಳು ಸುರಿಯಬೇಕಾದರೆ ಅಂಥ ಒಂದು ಗುಡುಗು ಮೊದಲೇ ಕೇಳಿಸಿರಬೇಕು. ದೂರಕ್ಕೆ ಎಸೆಯುವುದೇ ಇಲ್ಲ ಎಂದು ಗೊತ್ತಾದ ತಂಡದ ಮುಂದೆ ಸೇಫ್ಟಿಗಳು ಎಂಟು ಹತ್ತು ಗಜ ಮುಂದೆ ಸರಿದು ನಿಲ್ಲುತ್ತಾರೆ. ಆಗ ನಾಲ್ಕು ಗಜದ ಪಾಸಿಗೂ ಮೂವರು ಕೈ ಚಾಚುತ್ತಾರೆ.

ವೃತ್ತಿಪರ ಲೀಗಿನಲ್ಲಿ ಇದಕ್ಕೆ ಇನ್ನೊಂದು ಮರೆಯ ಲಾಭವೂ ಸೇರುತ್ತದೆ. ಚೆಂಡು ಗಾಳಿಯಲ್ಲಿರುವಾಗ ಡಿಫೆಂಡರ್ ರಿಸೀವರ್‌ನನ್ನು ತಡೆದು ಹಿಡಿದರೆ, ತಪ್ಪು ನಡೆದ ಜಾಗದಲ್ಲೇ ಚೆಂಡನ್ನಿಟ್ಟು ಫಸ್ಟ್ ಡೌನ್ ಕೊಡಲಾಗುತ್ತದೆ. ನಲವತ್ತು ಗಜ ದೂರದಲ್ಲಿ ತಪ್ಪಾದರೆ ಚೆಂಡನ್ನು ಹಿಡಿಯದೆಯೇ ನಲವತ್ತು ಗಜ.

ಅಪಾಯದ ವಿಷಯ. ದೂರದ ಎಸೆತ ಎಂದರೆ ಅಪಾಯ, ಹತ್ತಿರದ್ದು ಎಂದರೆ ಕ್ಷೇಮ ಎಂಬ ಸಮೀಕರಣವನ್ನು ನಾನು ಒಪ್ಪುವುದಿಲ್ಲ. ಥರ್ಡ್ ಡೌನ್‌ಗೆ ಹನ್ನೆರಡು ಗಜ ಬೇಕಿರುವಾಗ ನಲವತ್ತೈದು ಗಜ ದೂರಕ್ಕೆ ಎಸೆದ ಚೆಂಡು ಎದುರಾಳಿಯ ಕೈಸೇರಿ ಅವನು ಅಲ್ಲೇ ಬಿದ್ದರೆ, ಅದು ಒಂದು ಒಳ್ಳೆಯ ಪಂಟ್‌ಗಿಂತ ಹೆಚ್ಚು ಕೆಟ್ಟದ್ದೇನಲ್ಲ. ಅದೇ ಬದಿಯ ಗೆರೆಯ ಕಡೆಗೆ ಐದು ಗಜದ ಪಾಸನ್ನು ಅರೆಕ್ಷಣ ತಡವಾಗಿ ಎಸೆದರೆ, ಅದನ್ನು ಕಸಿದ ಕಾರ್ನರ್‌ಬ್ಯಾಕ್ (ಬದಿಯ ಕಾವಲುಗಾರ) ಮುಂದೆ ಗೋಲಿನವರೆಗೆ ಬರಿಯ ಹುಲ್ಲು. ನನ್ನನ್ನು ಕೇಳಿದರೆ ಕ್ವಾರ್ಟರ್‌ಬ್ಯಾಕ್ ಎಸೆಯಬಹುದಾದ ಅತ್ಯಂತ ಅಪಾಯದ ಚೆಂಡು ಅದೇ.

2015ರ ಫೆಬ್ರವರಿ 1ರಂದು ನಡೆದ 49ನೇ ಸೂಪರ್ ಬೌಲ್‌ನ ಕೊನೆಯ ನಿಮಿಷವನ್ನು ನೆನೆಯಿರಿ. ಸಿಯಾಟಲ್ 24-28ರಿಂದ ಹಿಂದಿತ್ತು. ರಸೆಲ್ ವಿಲ್ಸನ್ ಬಲಬದಿಗೆ ದೂರ ಎಸೆದ ಚೆಂಡು ಡಿಫೆಂಡರ್ ತಟ್ಟಿದ ಮೇಲೂ ನೆಲಕ್ಕೆ ಬಿದ್ದಿದ್ದ ಜರ್ಮೇನ್ ಕರ್ಸ್‌ನ ಕಾಲು, ಕೈಗಳ ಮೇಲೆ ಪುಟಿದು ಅವನ ಹಿಡಿತಕ್ಕೇ ಬಂತು, 33 ಗಜ. ಒಂದು ಓಟದ ನಂತರ ಗೋಲಿಗೆ ಉಳಿದದ್ದು ಒಂದೇ ಗಜ. ಅಲ್ಲಿ ವಿಲ್ಸನ್ ಕೊಟ್ಟದ್ದು ನಡುಭಾಗಕ್ಕೆ ಓರೆಯಾಗಿ ನುಗ್ಗುವ ಸ್ಲ್ಯಾಂಟ್, ಪುಸ್ತಕದಲ್ಲಿ ಅತಿ ಚಿಕ್ಕದೆನ್ನಬಹುದಾದ ಪಾಸು. ನ್ಯೂ ಇಂಗ್ಲೆಂಡ್‌ನ ಮಾಲ್ಕಮ್ ಬಟ್ಲರ್ ರಿಸೀವರ್‌ಗಿಂತ ಮೊದಲೇ ಆ ಜಾಗಕ್ಕೆ ನುಗ್ಗಿ ಚೆಂಡನ್ನು ಕಸಿದ. ದೂರದ್ದು ದಕ್ಕಿತು, ಹತ್ತಿರದ್ದು ಪಂದ್ಯವನ್ನೇ ಕಳೆಯಿತು. ಗೋಲಿನ ಬಳಿ ಡಿಫೆನ್ಸ್‌ಗೆ ಹಿಂದೆ ಕಾಯಲು ಜಾಗವೇ ಇರುವುದಿಲ್ಲ. ಹನ್ನೊಂದು ಜನರೂ ಕೆಲವೇ ಗಜದೊಳಗೆ ಕಿಕ್ಕಿರಿದಿರುತ್ತಾರೆ, ಆದ್ದರಿಂದ ಅಲ್ಲಿ ಚಿಕ್ಕ ಪಾಸಿಗೆ ಚಿಕ್ಕ ಅಪಾಯ ಎಂಬ ಮಾತೇ ನಿಲ್ಲುವುದಿಲ್ಲ.

ದೂರದ ಎಸೆತದ ದೊಡ್ಡ ಖರ್ಚು ನನ್ನ ಅಭಿಪ್ರಾಯದಲ್ಲಿ ಚೆಂಡು ಎದುರಾಳಿಯ ಕೈಸೇರುವ ಇಂಟರ್‌ಸೆಪ್ಷನ್ ಅಲ್ಲ, ಕಾಯುವ ಹೊತ್ತು. ಸಣ್ಣ ಪಾಸಿಗೆ ಮೂರು ಹೆಜ್ಜೆ ಹಿಂದಿಟ್ಟು ಕೈಬಿಟ್ಟರಾಯಿತು. ರಿಸೀವರ್ ನಲವತ್ತು ಗಜ ಓಡುವವರೆಗೆ ಕ್ವಾರ್ಟರ್‌ಬ್ಯಾಕ್ ತನ್ನವರ ಕಾವಲಿನ ಪಾಕೆಟ್‌ನಲ್ಲಿ ನಿಂತೇ ಇರಬೇಕು, ಅಷ್ಟು ಹೊತ್ತು ಮುಂದಿನ ಸಾಲಿನ ಐವರು ಲೈನ್‌ಮನ್‌ಗಳು ತಡೆದು ಹಿಡಿದಿರಬೇಕು. 2017ರ 51ನೇ ಸೂಪರ್ ಬೌಲ್‌ನಲ್ಲಿ ಅಟ್ಲಾಂಟಾ 28-3ರಿಂದ ಮುಂದಿದ್ದೂ ನ್ಯೂ ಇಂಗ್ಲೆಂಡ್‌ಗೆ ಸೋತ ಕಥೆಯನ್ನು ನಿಮ್ಮ ಪಕ್ಕದವರು ಹೇಳಿಯೇ ಇರುತ್ತಾರೆ. 28-20 ಆಗಿದ್ದಾಗ, ಐದು ನಿಮಿಷಕ್ಕಿಂತ ಕಡಿಮೆ ಉಳಿದಿರುವಾಗ, ಅಟ್ಲಾಂಟಾ ಎದುರಾಳಿಯ 25 ಗಜದೊಳಗಿತ್ತು. ಮೂರು ಸಲ ಸುಮ್ಮನೆ ಓಡಿ ಮೂರು ಅಂಕದ ಫೀಲ್ಡ್ ಗೋಲ್ ಒದ್ದಿದ್ದರೆ ಮುನ್ನಡೆ ಹನ್ನೊಂದಾಗುತ್ತಿತ್ತು. ಮ್ಯಾಟ್ ರಯಾನ್ ಪಾಸಿಗೆಂದು ಹಿಂದೆ ಸರಿದು ಕಾಯುತ್ತಿದ್ದಾಗ ಸ್ಯಾಕ್ ಆಗಿ 12 ಗಜ ಹೋಯಿತು, ಮುಂದಿನ ಪ್ಲೇಯಲ್ಲಿ ಹೋಲ್ಡಿಂಗ್ ದಂಡ ಬಿತ್ತು, ಫೀಲ್ಡ್ ಗೋಲ್‌ನ ದೂರವೇ ಕೈತಪ್ಪಿತು. ಚೆಂಡು ಕೈಬಿಟ್ಟೇ ಇರಲಿಲ್ಲ, ಆದರೂ ಎಸೆತದ ಆಸೆಗೆ ತೆತ್ತ ಬೆಲೆ ಅದು. ಇನ್ನೊಂದು ಬದಿಯಲ್ಲಿ ಟಾಮ್ ಬ್ರೇಡಿ 25 ಅಂಕ ಹಿಂದಿದ್ದಾಗಲೂ ಗಾಬರಿಬಿದ್ದು ದೂರಕ್ಕೆ ಎಸೆಯುತ್ತಾ ಹೋಗಲಿಲ್ಲ. ತನ್ನ ಪಕ್ಕದ ಬ್ಯಾಕ್‌ಫೀಲ್ಡ್‌ನಿಂದ ಹೊರಬರುತ್ತಿದ್ದ ಜೇಮ್ಸ್ ವೈಟ್ ಒಬ್ಬನಿಗೇ 14 ಪಾಸು ತಲುಪಿಸಿದ. ನ್ಯೂ ಇಂಗ್ಲೆಂಡ್ 93 ಪ್ಲೇ ಆಡಿತು, ಅಟ್ಲಾಂಟಾ 46. ಅಟ್ಲಾಂಟಾದ ಡಿಫೆನ್ಸ್ ಕೊನೆಯ ಹೊತ್ತಿಗೆ ನಿಂತಲ್ಲೇ ಏದುಸಿರು ಬಿಡುತ್ತಿತ್ತು. ನಿಮ್ಮ ಹನಿ ಹನಿ ಸಿದ್ಧಾಂತಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಆದರೆ ಅದಕ್ಕೆ ಗಡಿಯಾರದಲ್ಲಿ ಸಮಯ ಉಳಿದಿರಬೇಕು.

ಸಮಯ ಇಲ್ಲದಾಗ ಮಾತೇ ಬೇರೆ. 2013ರ ಜನವರಿಯಲ್ಲಿ ಡೆನ್ವರ್‌ನ ಕೊರೆಯುವ ಚಳಿಯಲ್ಲಿ ಬಾಲ್ಟಿಮೋರ್ ರೇವನ್ಸ್ ಏಳು ಅಂಕ ಹಿಂದಿತ್ತು, ತನ್ನ 30 ಗಜದಲ್ಲಿ ಚೆಂಡು, ಒಂದೂ ಟೈಮ್‌ಔಟ್ ಇಲ್ಲ, ಒಂದು ನಿಮಿಷವೂ ಉಳಿದಿಲ್ಲ. ಥರ್ಡ್ ಡೌನ್‌ಗೆ ಬೇಕಾದದ್ದು ಮೂರೇ ಗಜ. ನಾಲ್ಕು ಗಜದ ಪಾಸು ಆ ಮೂರನ್ನು ಕೊಟ್ಟು ಪಂದ್ಯವನ್ನು ಕಿತ್ತುಕೊಳ್ಳುತ್ತಿತ್ತು. ಜೋ ಫ್ಲಾಕೊ ಬಲಬದಿಗೆ ಎತ್ತರಕ್ಕೆ ಎಸೆದ; ಸೇಫ್ಟಿ ಚೆಂಡಿನ ಇಳಿತವನ್ನು ತಪ್ಪಾಗಿ ಅಂದಾಜಿಸಿದ; ಅವನ ಹಿಂದಿದ್ದ ಜಕೋಬಿ ಜೋನ್ಸ್ ಹಿಡಿದು 70 ಗಜದ ಟಚ್‌ಡೌನ್ ಮಾಡಿದ. ಅದೃಷ್ಟವೂ ಇತ್ತು, ಒಪ್ಪುತ್ತೇನೆ. ಆದರೆ ಆ ಹೊತ್ತಿನಲ್ಲಿ ಕ್ಷೇಮದ ಪಾಸು ಎಂದು ಯಾವುದೂ ಇರಲಿಲ್ಲ.

ಎದೆಗಾರಿಕೆ ಅತಿಯಾದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಗಳಿಗೆ ಬರವಿಲ್ಲ. ಜೇಮಿಸ್ ವಿನ್‌ಸ್ಟನ್ 2019ರಲ್ಲಿ 5,109 ಗಜ ಗಳಿಸಿ 33 ಟಚ್‌ಡೌನ್ ಎಸೆದ, 30 ಇಂಟರ್‌ಸೆಪ್ಷನ್ ಕೊಟ್ಟ. ಮುಂದಿನ ಸೀಸನ್‌ಗೆ ಟ್ಯಾಂಪಾ ಬೇ ತಂಡ ಅವನನ್ನು ಬಿಟ್ಟು ಬ್ರೇಡಿಯನ್ನು ಕರೆತಂದು ಅದೇ ಸಲ ಸೂಪರ್ ಬೌಲ್ ಗೆದ್ದಿತು. ನೂರು ಪಾಸಿಗೆ ಐದರ ಆಸುಪಾಸು ಇಂಟರ್‌ಸೆಪ್ಷನ್ ಸಾಮಾನ್ಯವಾಗಿದ್ದ 1970ರ ದಶಕದಲ್ಲಾದರೆ ಇಂಥ ಆಟಗಾರನನ್ನು ಸಹಿಸುತ್ತಿದ್ದರೇನೋ. 1978ರಲ್ಲಿ ಐದು ಗಜದಾಚೆ ರಿಸೀವರ್‌ನನ್ನು ಮುಟ್ಟಬಾರದೆಂಬ ನಿಯಮ ಬಂದ ಮೇಲೆ ಎಸೆಯುವುದು ಸುಲಭವಾಗುತ್ತಾ ಬಂದು, ಈಗ ಆ ಪ್ರಮಾಣ ಅರ್ಧಕ್ಕೆ ಇಳಿದಿದೆ. ತಪ್ಪಿಗೆ ಕ್ಷಮೆಯೂ ಅಷ್ಟೇ ಕಡಿಮೆಯಾಗಿದೆ.

ಎರಡನ್ನೂ ಒಬ್ಬನೇ ಆಡಿದ್ದನ್ನು ನೋಡಬೇಕಾದರೆ ಮತ್ತೆ ಮಹೋಮ್ಸ್‌ಗೇ ಬರಬೇಕು. 2020ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ ಏಳು ನಿಮಿಷ ಉಳಿದಾಗ ಚೀಫ್ಸ್ 10-20ರಿಂದ ಹಿಂದಿತ್ತು, ಆತ ಆಗಲೇ ಎರಡು ಇಂಟರ್‌ಸೆಪ್ಷನ್ ಕೊಟ್ಟಿದ್ದ, ಥರ್ಡ್ ಡೌನ್‌ಗೆ 15 ಗಜ ಬೇಕಿತ್ತು. ಅವನು ಕೇಳಿದ್ದು ಒಂದೇ: ಆ ದೂರದ ಪ್ಲೇಗೆ ಬೇಕಾದಷ್ಟು ಹೊತ್ತು ಸಿಗುತ್ತದೆಯೇ? ಹೊತ್ತು ಗಳಿಸಲು ಹತ್ತು ಗಜಕ್ಕೂ ಹೆಚ್ಚು ಹಿಂದೆ ಸರಿದು, ಟೈರೀಕ್ ಹಿಲ್‌ಗೆ 44 ಗಜದ ಪಾಸು ಎಸೆದ. ಪಂದ್ಯ 31-20ಕ್ಕೆ ಮುಗಿಯಿತು. ಅದೇ ಪಂದ್ಯದಲ್ಲಿ ಎರಡು ನಿಮಿಷಕ್ಕಿಂತ ಕಡಿಮೆ ಉಳಿದಿದ್ದಾಗ ಸ್ಯಾನ್ ಫ್ರಾನ್ಸಿಸ್ಕೋದ ಜಿಮ್ಮಿ ಗರಾಪಲೋ, ಎಲ್ಲರನ್ನೂ ಹಿಂದೆ ಹಾಕಿದ್ದ ಇಮ್ಯಾನ್ಯುಯೆಲ್ ಸ್ಯಾಂಡರ್ಸ್‌ಗೆ ಎಸೆದದ್ದು ಕೈಮೀರಿ ಹೋಯಿತು. ನಿರ್ಧಾರ ಎರಡೂ ಸರಿಯೇ, ಕೈಗೂಡಿದ್ದು ಒಂದು. ಹಿಲ್ 2022ರಲ್ಲಿ ಮಯಾಮಿಗೆ ಹೋದ ಮೇಲೆ, ಹಿಂದೆ ಸರಿದ ಸೇಫ್ಟಿಗಳ ಎದುರು ಚೀಫ್ಸ್ ಸಣ್ಣ ಪಾಸಿನ ತಂಡವಾಗಿ ಬದಲಾಗಿ ಮತ್ತೆರಡು ಸಲ ಗೆದ್ದಿತು. 2024ರ ಫೆಬ್ರವರಿಯ ಫೈನಲ್‌ನ ಹೆಚ್ಚುವರಿ ಸಮಯದಲ್ಲಿ ಅವರ ಗೆಲುವಿನ ಪಯಣ 75 ಗಜದ್ದು, 13 ಪ್ಲೇಗಳದ್ದು, ಮುಗಿದದ್ದು ಮೂರು ಗಜದ ಪಾಸಿನಲ್ಲಿ.

ಇನ್ನು ನಿಮ್ಮ ಮಗನ ವಿಷಯ. ಹೈಸ್ಕೂಲು ಆಟದಲ್ಲಿ ತೂಕ ಸಣ್ಣ ಪಾಸಿನ ಕಡೆಗೆ ಇನ್ನಷ್ಟು ವಾಲುತ್ತದೆ. ಅಲ್ಲಿ ಪಾಸ್ ತಡೆದ ತಪ್ಪಿಗೆ 15 ಗಜವಷ್ಟೇ, ತಪ್ಪು ನಡೆದ ಜಾಗ ಸಿಗುವುದಿಲ್ಲ. ಅವನ ಮುಂದೆ ನಿಲ್ಲುವ ಲೈನ್‌ಮನ್‌ಗಳೂ ಹದಿನಾರರ ಹುಡುಗರೇ, ಮೂರು ಸೆಕೆಂಡು ತಡೆದು ಹಿಡಿಯುವುದು ಅವರಿಗೆ ದೊಡ್ಡ ಮಾತು. ಹಾಗಾಗಿ ತರಬೇತುದಾರರು ದೂರದ ಎಸೆತವನ್ನು ಪಂದ್ಯಕ್ಕೆ ನಾಲ್ಕೈದಕ್ಕೆ ಮಿತಗೊಳಿಸಿದರೆ ಅದನ್ನು ಅಂಜಿಕೆ ಎಂದು ತಿಳಿಯಬೇಡಿ. ಪೂರ್ತಿ ನಿಲ್ಲಿಸಿದ್ದರೆ ಮಾತ್ರ ಮಾತಾಡಬೇಕಾದ ವಿಷಯ.

ಮುಂದಿನ ಶುಕ್ರವಾರ ಸಂಜೆ ಪಂದ್ಯಕ್ಕೆ ಹೋದಾಗ ಚೆಂಡನ್ನು ಸ್ವಲ್ಪ ಹೊತ್ತು ಮರೆತು, ಸ್ನ್ಯಾಪ್‌ಗೆ (ಚೆಂಡು ಆಟಕ್ಕೆ ಬರುವ ಕ್ಷಣಕ್ಕೆ) ಮೊದಲು ಹಿಂದೆ ನಿಂತಿರುವ ಸೇಫ್ಟಿಗಳನ್ನು ಎಣಿಸಿ. ನಡುವೆ ಒಬ್ಬನೇ ಇದ್ದರೆ ಎರಡು ಬದಿಯ ರಿಸೀವರ್‌ಗಳಿಗೂ ಒಬ್ಬೊಬ್ಬನೇ ಕಾವಲು, ದೂರದ ಎಸೆತಕ್ಕೆ ಆಹ್ವಾನವಿದೆ ಎಂದರ್ಥ. ಇಬ್ಬರು ಅಗಲವಾಗಿ ಹಿಂದೆ ಸರಿದಿದ್ದರೆ ನಡುವಿನ ಹತ್ತು ಗಜ ಖಾಲಿ. ಸ್ನ್ಯಾಪ್ ಆದ ಮೇಲೆ ಇಬ್ಬರು ಒಬ್ಬರಾಗುವುದೂ ಉಂಟು, ಆಗ ಅವರ ಸೊಂಟ ಯಾವ ಕಡೆ ತಿರುಗಿತು ಎಂಬುದನ್ನು ನೋಡಬೇಕು. ಒಬ್ಬನೇ ಸೇಫ್ಟಿ ಇದ್ದರೂ ನಿಮ್ಮ ಮಗ ಐದು ಗಜದ ಪಾಸು ಕೊಟ್ಟರೆ, ಗೊಣಗುವವರ ಜೊತೆ ಸೇರದೆ, ಮನೆಗೆ ಬರುವಾಗ ಕಾರಿನಲ್ಲಿ ಕೇಳಿ ನೋಡಿ. ಎಡಗಡೆಯ ಲೈನ್‌ಮನ್ ಆದ ಟ್ಯಾಕಲ್ ಎರಡು ಸಲ ಸೋತದ್ದನ್ನು ಅವನು ನೋಡಿರಬಹುದು, ನೀವು ನೋಡಿರಲಿಕ್ಕಿಲ್ಲ.